ನಾಲ್ಕು ಡಿಸ್ಕ್, ಒಂದು ರ‍್ಯಾಕ್

ಯಶವಂತಪುರದ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಹಳೇ ಹಾರ್ಡ್ ಡಿಸ್ಕ್ ಇದ್ದವು. ಒಂದರಲ್ಲಿ ತೀರಿಹೋದ ಅಜ್ಜಿಯ ದನಿ, ಅಕ್ಕನ ಮದುವೆಯಲ್ಲಿ ಹಾಡಿದ ಸೋಬಾನೆ ಪದ. ಎಲ್ಲವನ್ನೂ ಒಟ್ಟಿಗೆ ಲ್ಯಾಪ್‌ಟಾಪ್‌ಗೆ ಜೋಡಿಸೋಣ ಅಂತ ಎಸ್.ಪಿ. ರಸ್ತೆಯಿಂದ ಸಾಟಾ-ಯುಎಸ್‌ಬಿ ಕನ್ವರ್ಟರ್ ತಂದೆ. ಪೀಣ್ಯದಲ್ಲಿ ಅಲ್ಯೂಮಿನಿಯಂ ಆಂಗಲ್ ಕಟ್ ಮಾಡಿಸಿ ರ‍್ಯಾಕ್ ಕಟ್ಟಿದೆ.

ಆನ್ ಮಾಡಿದ್ರೆ ಬರೀ ಟಿಕ್ ಟಿಕ್. ಎದೆ ಧಸಕ್ಕೆಂದಿತು!

ತಪ್ಪು ನನ್ನದೇ. 3.5 ಇಂಚಿನ ಡಿಸ್ಕ್‌ಗೆ 5 ವೋಲ್ಟ್ ಜೊತೆ 12 ವೋಲ್ಟೂ ಬೇಕು. ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಒಂದೊಂದೂ ಸುಮಾರು 2 ಆಂಪಿಯರ್ ಎಳೆಯುತ್ತೆ. ನಾಲ್ಕಕ್ಕೆ 8. ನಾನು ನಾಲ್ಕಕ್ಕೂ ಸೇರಿಸಿ ಕೊಟ್ಟಿದ್ದ ಅಡಾಪ್ಟರ್ 5 ಆಂಪಿಯರಿನದು. ಹಳೇ ಡೆಸ್ಕ್‌ಟಾಪಿನ ಪವರ್ ಸಪ್ಲೈ ಹಾಕಿದೆ. ಅದುರಬಾರದು ಅಂತ ಸ್ಕ್ರೂಗಳಿಗೆ ರಬ್ಬರ್ ವಾಷರ್, ಬಿಸಿಯಾಗಬಾರದು ಅಂತ ನಡುವೆ ಒಂದು ಬೆರಳು ಜಾಗ, ಮುಂದೆ ಪುಟ್ಟ ಫ್ಯಾನ್.

ಅಜ್ಜಿ ಮತ್ತೆ ಹಾಡಿದ್ರು.

ಕೇಳಿ ಕಣ್ಣೊರೆಸಿಕೊಂಡ ಅಮ್ಮ, "ಎಲ್ಲಾ ಒಂದೇ ಕಡೆ ಇಟ್ಟಿದ್ದೀಯಲ್ಲೋ, ಅದೇ ಕೆಟ್ಟುಹೋದ್ರೆ?" ಅಂದ್ರು. ನಿಜ. ರ‍್ಯಾಕ್ ಇರೋದು ಅನುಕೂಲಕ್ಕೆ, ಭದ್ರತೆಗಲ್ಲ. ಹಾಡಿನ ಇನ್ನೊಂದು ಕಾಪಿ ಈಗ ಊರಿನ ಮನೆಯ ಬೀರುವಿನಲ್ಲಿದೆ.

ನಿಮ್ಮ ಎರಡನೇ ಕಾಪಿ ಎಲ್ಲಿದೆ?