ಬೂಷ್ಟು ಹಿಡಿದ ಶೇಂಗಾ ಮೂಕಪ್ರಾಣಿಗೆ ಯಾಕೆ?



ಕ್ಯಾನ್ಸರ್ ಅಂದ ಕೂಡಲೇ ನಮಗೆ ಬೀಡಿ, ತಂಬಾಕು ನೆನಪಿಗೆ ಬರುತ್ತವೆ. ಇಲ್ಲವೇ ಫ್ಯಾಕ್ಟರಿಯ ಹೊಗೆ. ಆದರೆ ಮೇವಿನಿಂದಲೇ ಮೀನಿಗೆ ಕ್ಯಾನ್ಸರ್ ಬಂದ ಕಥೆ ಕೇಳಿದ್ದೀರಾ?

1960ರಲ್ಲಿ ಅಮೆರಿಕದ ಮೀನು ಸಾಕಣೆ ಕೇಂದ್ರಗಳಲ್ಲಿ ಟ್ರೌಟ್ ಎಂಬ ಮೀನುಗಳ ಲಿವರ್‌ನಲ್ಲಿ ಗಡ್ಡೆಗಳು ಕಾಣಿಸಿಕೊಂಡವು. ಅವುಗಳಿಗೆ ಹಾಕುತ್ತಿದ್ದ ಒಣ ಮೇವಿನಲ್ಲಿ ಬೂಷ್ಟಿನ ವಿಷ ಸೇರಿದ ಹತ್ತಿಕಾಳಿನ ಹಿಂಡಿ ಇತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದು ಬ್ರೆಜಿಲ್ ದೇಶದಿಂದ ತರಿಸಿದ ಶೇಂಗಾ ಹಿಂಡಿ. ಅದನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ ಅವಕ್ಕೂ ಲಿವರ್ ಕ್ಯಾನ್ಸರ್ ಬಂತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉಂಟುಮಾಡುವ ಈ ವಿಷದ ಹೆಸರು ಅಫ್ಲಾಟಾಕ್ಸಿನ್. ಒಂದು ಟನ್ ಮೇವಿನಲ್ಲಿ ಕೆಲವೇ ಮಿಲಿಗ್ರಾಂ ಇದ್ದರೂ ಟ್ರೌಟ್ ಮೀನಿಗೆ ಗಡ್ಡೆ ಬರುತ್ತದೆ. ಮನುಷ್ಯರಿಗೂ ಇದು ಲಿವರ್ ಕ್ಯಾನ್ಸರ್ ತರುತ್ತದೆ.

ಇನ್ನು ನಮ್ಮ ಮನೆಗಳ ವಿಷಯಕ್ಕೆ ಬರೋಣ. ಶೇಂಗಾ ಬಿಡಿಸುವಾಗ ಒಳ್ಳೆ ಬೀಜ ಬಿತ್ತೋಕೆ, ಮಾರೋಕೆ. ಮುದುಡಿದ್ದು, ಬೂಷ್ಟು ಹಿಡಿದಿದ್ದು ಮಾತ್ರ "ದನಕ್ಕೆ ಹಾಕು, ಕೋಳಿಗೆ ಚೆಲ್ಲು" ಅಂತೀವಿ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ಮೂಕಪ್ರಾಣಿ ಬೇಡ ಅಂತ ಬಾಯಿಬಿಟ್ಟು ಹೇಳಲಾರದು. ಅಷ್ಟೇ ಅಲ್ಲ, ಹಸು ತಿಂದ ಈ ವಿಷದ ಒಂದು ಪಾಲು ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಅದು ಹೋಗೋದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವರು ದೊಡ್ಡವರು, ಉಣ್ಣೋದು ಮನೆಯ ಕೂಸು.

"ಮಳೆ ಕೈಕೊಟ್ಟ ವರ್ಷ ಒಂದು ಮೊರ ಬೀಜ ಎಸೆಯೋಕೆ ನಮಗೇನು ಹುಚ್ಚಾ?" ಎಂದು ಹಿರಿಯರು ಕೇಳಬಹುದು. ಅವರ ಕಷ್ಟ ನಿಜ. ಆದರೆ ಕಾಯಿ ಬಲಿಯುವಾಗ ಮಳೆ ಹೋದರೆ ಮಣ್ಣಿನೊಳಗೇ ಬೂಷ್ಟು ಹಿಡಿಯುತ್ತದೆ. ಅಂದರೆ ಬರಗಾಲದಲ್ಲೇ ಹೆಚ್ಚು ಎಚ್ಚರ ಬೇಕು. ಗಾಣಕ್ಕೆ ಹಾಕಿದರೂ ಪ್ರಯೋಜನವಿಲ್ಲ, ವಿಷದ ಹೆಚ್ಚಿನ ಭಾಗ ಹಿಂಡಿಯಲ್ಲೇ ಉಳಿಯುತ್ತದೆ. ಒಂದು ಮೊರ ಬೀಜ ಉಳಿಸೋಕೆ ಹೋಗಿ ಹಸುವಿನ ಆರೋಗ್ಯ ಕಳೆದುಕೊಳ್ಳೋದು ಯಾವ ಲೆಕ್ಕ?

ಇದಕ್ಕೆ ದುಡ್ಡು ಖರ್ಚಿಲ್ಲದ ದಾರಿ ಇದೆ. ಕಿತ್ತ ಗಿಡವನ್ನು ಹಸಿಯಾಗಿ ಬಣವೆ ಹಾಕಬಾರದು. ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡಬೇಕು. ಕೆಟ್ಟ ಬೀಜವನ್ನು ಕೋಳಿ ಕೆದಕದಂತೆ ಗುಂಡಿ ತೋಡಿ ಹೂಳಬೇಕು.

ಗೆಳೆಯರೇ, ಸಂಜೆ ಕೂತು ಶೇಂಗಾ ಬಿಡಿಸುವವರು ಹೆಚ್ಚಾಗಿ ನಾವೇ ಅಲ್ವಾ? ಕೆಟ್ಟ ಬೀಜ ಕೊಟ್ಟಿಗೆಗೆ ಹೋಗದಂತೆ ನೋಡಿಕೊಳ್ಳೋದು ನಮ್ಮ ಕೈಲೇ ಇದೆ. ಈ ಸುಗ್ಗಿಯಿಂದಲೇ ಶುರು ಮಾಡೋಣ.

– 9ನೇ ತರಗತಿಯ ವಿದ್ಯಾರ್ಥಿನಿ