ಹುಣಸೆಯ ಮರವೂ ಮಾರುವ ಸ್ವಾತಂತ್ರ್ಯವೂ

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಸುತ್ತಲೂ, ಮಧುಗಿರಿ, ಶಿರಾ, ಪಾವಗಡದ ಸೀಮೆಗಳಲ್ಲಿಯೂ ಮಳೆ ತಪ್ಪಿದ ವರ್ಷ ರೈತನ ಕೈ ಹಿಡಿಯತಕ್ಕ ಮರವು ಹುಣಸೆಯೆಂಬುದು ಸರ್ವವಿದಿತವಾದ ವಿಷಯ. ರಾಗಿ, ಕಡಲೆಕಾಯಿಗಳು ಒಣಗಿದರೂ ಬದುವಿನ ಹುಣಸೆಯು ನಾಲ್ಕು ಕಾಸು ತಂದುಕೊಡುವುದುಂಟು. ಹೀಗಿದ್ದರೂ ಮರದ ಒಡೆಯನಿಗಿಂತ ಗುತ್ತಿಗೆ ಹಿಡಿದವನಿಗೆ ಹೆಚ್ಚು ಲಾಭವಾಗುವುದು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ.

ಗುತ್ತಿಗೆಯೇ ದೋಷವೆನ್ನಲಾಗದು. ಫಸಲು ಕೆಡುವ ಭಯವನ್ನೂ ಮರ ಹತ್ತಿಸುವ ಕಷ್ಟವನ್ನೂ ಗುತ್ತಿಗೆದಾರನು ಹೊರುತ್ತಾನೆ. ಆದರೆ ಹಳೆಯ ಸಾಲದ ಬಾಬ್ತಿಗೆ ಕಾಯಿ ಬಲಿಯುವ ಮೊದಲೇ ಮರವನ್ನು ಬಿಟ್ಟುಕೊಡುವವನು ಬೆಲೆಯನ್ನು ಕೇಳತಕ್ಕ ಸ್ಥಿತಿಯಲ್ಲಿರುವುದಿಲ್ಲ. ಒಲ್ಲೆನೆಂದು ಹೇಳಬಲ್ಲವನ ಒಪ್ಪಿಗೆಯೇ ನಿಜವಾದ ಒಪ್ಪಿಗೆ.

ಈ ನಾಡಿನಲ್ಲಿ ರೈತನ ಸ್ವಾತಂತ್ರ್ಯವು ಹಂತಹಂತವಾಗಿ ಬಂದಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾನೂನಿನ ತಿದ್ದುಪಡಿಯು ಗೇಣಿದಾರನಿಗೆ ಒಡೆತನದ ಹಕ್ಕನ್ನಿತ್ತಿತು. 1976ರ ಕಾನೂನು ಜೀತವನ್ನು ರದ್ದುಪಡಿಸಿತು. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆಯ ಏರ್ಪಾಡಿನಿಂದ ದೂರದ ವರ್ತಕರೂ ವಿದ್ಯುನ್ಮಾನ ಟೆಂಡರಿನಲ್ಲಿ ಬೆಲೆ ಕೂಗುವಂತಾಯಿತು. ಆದರೆ ಮರದ ಮೇಲೆಯೇ ಮಾರಿಹೋದ ಹಣ್ಣಿನ ಒಡೆಯನಿಗೆ ಆ ಟೆಂಡರಿನಿಂದ ಪ್ರಯೋಜನವೇನು?

ಅನ್ಯದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಚೀನಾದೇಶದಲ್ಲಿ 1978ರಿಂದ ಮೊದಲ್ಗೊಂಡು ಸಾಮೂಹಿಕ ಬೇಸಾಯವನ್ನು ಸಡಿಲಿಸಿ, ಸರ್ಕಾರದ ಪಾಲು ಸಲ್ಲಿಸಿ ಉಳಿದುದನ್ನು ರೈತ ಕುಟುಂಬಗಳೇ ಮಾರಬಹುದೆಂದು ಅನುಮತಿಯಿತ್ತೊಡನೆ ಬೆಳೆಯು ಬಹಳವಾಗಿ ಹೆಚ್ಚಿತು. ವಿಯೆಟ್ನಾಮು 1986ರಲ್ಲಿ ಇಂಥ ಸುಧಾರಣೆಗೆ ತೊಡಗಿತು. 1990ರಲ್ಲಿ ಲೋಕದ ಜನರಲ್ಲಿ ಮೂರರಲ್ಲೊಂದು ಪಾಲಿಗೂ ಮೀರಿ ಕಡುಬಡವರಿದ್ದರೆಂದೂ, 2019ರ ವೇಳೆಗೆ ಅದು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದೂ ವಿಶ್ವ ಬ್ಯಾಂಕಿನ ಲೆಕ್ಕವು ತಿಳಿಸುತ್ತದೆ. ಈ ಇಳಿಕೆಯಲ್ಲಿ ಚೀನಾದ ಪಾಲೇ ಬಹು ದೊಡ್ಡದು. ಅಲ್ಲಿ ರಸ್ತೆ, ಶಾಲೆ, ಕಾರ್ಖಾನೆಗಳೂ ನೆರವಾದುವು. ಆದರೆ ಮೊದಲ ಹೆಜ್ಜೆಯು ಹೊಲದಲ್ಲಿಯೇ ಬಿದ್ದಿತು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಬಡ ರೈತನಿಗೆ ಸಹಕಾರ ಸಂಘದ ಸಾಲವು ಹೊತ್ತಿಗೆ ಸರಿಯಾಗಿ ದೊರೆಯುವಂತೆ ನೋಡಬೇಕು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಅಡಮಾನ ಸಾಲದ ವಿಷಯವನ್ನು ಆತನಿಗೆ ತಿಳಿಯಹೇಳಬೇಕು. ಎರಡನೆಯದಾಗಿ, ಹಲವರು ಕೂಡಿ ಹಣ್ಣನ್ನು ಕುಟ್ಟಿ, ಬೀಜ ತೆಗೆದು, ಶೀತಲಗೃಹದಲ್ಲಿಟ್ಟರೆ ಬಣ್ಣ ಕೆಡದೆ ಉಳಿದು, ಸುಗ್ಗಿಯ ಅಗ್ಗದ ಬೆಲೆಗೆ ಮಾರುವ ನಿರ್ಬಂಧವು ತಪ್ಪುತ್ತದೆ. ಮೂರನೆಯದಾಗಿ, ಹುಣಸೆ ಕುಟ್ಟುವ ಹೆಣ್ಣುಮಕ್ಕಳಿಗೆ ಎದುರಿಗೆ ತೂಗಿ, ಕೂಲಿಯನ್ನು ನಗದಾಗಿ ಕೊಡತಕ್ಕದ್ದು. ಮುಂಗಡದಿಂದ ಅವರನ್ನು ಒಂದೇ ಮನೆಗೆ ಕಟ್ಟಿಹಾಕತಕ್ಕದ್ದಲ್ಲ. ತನಗೆ ಸ್ವಾತಂತ್ರ್ಯ ಬೇಕೆನ್ನುವ ಒಡೆಯನು ಆಳಿಗೆ ಅದನ್ನು ಬೇಡವೆನ್ನಲಾಗದು.

ಬಡವನಿಗೆ ದಾನ ಮಾಡುವುದು ಪುಣ್ಯವೇ ಸರಿ. ಆದರೆ ಆತನು ತನ್ನ ಹಣ್ಣನ್ನು ತಾನೇ ತೂಗಿ, ಸರಿತೋರಿದ ಬೆಲೆಗೆ ಮಾರುವಂತಾದರೆ ಮರುವರ್ಷ ದಾನವನ್ನು ಬೇಡುವ ಪ್ರಮೇಯವೇ ಬರಲಾರದು.