ಬ್ರೇಕ್ ಹಿಡಿದಾಗ ಗಾಡಿ ಎತ್ತ ಎಳೆಯುತ್ತದೆ?

ಬಸವನ ಬಾಗೇವಾಡಿ ಕಡೆಯ ಎತ್ತಿನ ಬಂಡಿ ಹೊಡೆದ ಮುತ್ಯಾಂದಿರಿಗೆ ಇದು ಬೇಗ ತಿಳಿಯುತ್ತದೆ: ನೊಗದ ಒಂದು ಎತ್ತು ಹಿಂದೆ ಬಿದ್ದರೆ ಬಂಡಿ ಆ ಕಡೆಗೇ ತಿರುಗುತ್ತದೆ. ಹಳೆಯ ಜೀಪು, ಅಂಬಾಸಿಡರ್ ಕಾರುಗಳದೂ ಹಾಗೇ. ಯಾವ ಬದಿಯ ಗಾಲಿ ಹೆಚ್ಚು ತಡೆಯುತ್ತದೋ ಗಾಡಿ ಆ ಬದಿಗೆ ಎಳೆಯುತ್ತದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುವಾಗ ಬಲಕ್ಕೆ ಎಳೆದರೆ ಏನು ಗತಿ?

ಈ ಗಾಡಿಗಳ ಗಾಲಿಯೊಳಗೆ ಬೋಗುಣಿಯಂಥ ಕಬ್ಬಿಣದ ಡ್ರಮ್, ಅದರೊಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂ ಇರುತ್ತವೆ. ಪೆಡಲ್ ತುಳಿದರೆ ಬ್ರೇಕ್ ಆಯಿಲ್ ಕೊಳವೆಗಳಲ್ಲಿ ನುಗ್ಗಿ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಹಿಂದೆ ಸರಳು, ತಂತಿಗಳಿಂದ ಶೂ ಎಳೆಯುತ್ತಿದ್ದರು. ಒಂದು ತಂತಿ ಸಡಿಲವಾದರೆ ಆ ಗಾಲಿ ಸುಮ್ಮನೆ ಉರುಳುತ್ತಿತ್ತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ದ್ರವದ ಬ್ರೇಕ್ ಬಂತು.

ದ್ರವದ ಗುಣ ನೋಡಬೇಕೆ? ಮಕ್ಕಳೇ, ಸೂಜಿಯಿಲ್ಲದ ಮೂರು ಸಿರಿಂಜುಗಳನ್ನು ಕವಲೊಡೆದ ನಳಿಗೆಗೆ ಜೋಡಿಸಿ, ಗಾಳಿ ಉಳಿಯದಂತೆ ನೀರು ತುಂಬಿ. ಹಿಡಿದುಕೊಳ್ಳಲು ಆಯಿಯನ್ನು ಕರೆಯಿರಿ. ಒಂದು ಸಿರಿಂಜಿನ ದಂಡ ಇಟ್ಟಿಗೆಗೆ ತಾಗಿರಲಿ, ಇನ್ನೊಂದರದು ಬೆರಳಗಲ ದೂರವಿರಲಿ. ಮೂರನೆಯದನ್ನು ಒತ್ತಿ. ದೂರದ್ದೇ ಮೊದಲು ಸರಿಯುತ್ತದೆ. ಅದೂ ಇಟ್ಟಿಗೆ ಮುಟ್ಟಿದ ಮೇಲೇ ಎರಡೂ ಬಿಗಿಯಾಗಿ ಒತ್ತುತ್ತವೆ. ಗಾಡಿಯಲ್ಲೂ ಕೊನೆಯ ಶೂ ಡ್ರಮ್ ಮುಟ್ಟುವವರೆಗೆ ಆಯಿಲ್ ಕಾಯುತ್ತದೆ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲೆಡೆ ಒಂದೇ ಎಂದು 17ನೇ ಶತಮಾನದಲ್ಲೇ ಫ್ರಾನ್ಸಿನ ಪಾಸ್ಕಲ್ ಕಂಡುಕೊಂಡಿದ್ದ.

ಸಮ ಅಂದರೆ ಎಡ-ಬಲ ಸಮ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಹಲವು ಗಾಡಿಗಳಲ್ಲಿ ಮುಂದಿನ ಗಾಲಿಯ ಸಿಲಿಂಡರ್ ಬೇಕೆಂದೇ ದೊಡ್ಡದು.

ಒತ್ತಡ ಸಮವಿದ್ದರೂ ಗಾಡಿ ಏಕೆ ಎಳೆಯುತ್ತದೆ? ತಪ್ಪು ಹೆಚ್ಚಾಗಿ ಲೈನಿಂಗಿನದು. ಸಿಲಿಂಡರ್ ಸೋರಿ ಒಂದು ಬದಿಯ ಲೈನಿಂಗ್ ನೆನೆದರೆ ಅದು ಸಾಮಾನ್ಯವಾಗಿ ಜಾರುತ್ತದೆ. ಒಣಗಿದ ಬದಿ ಗಟ್ಟಿಯಾಗಿ ಹಿಡಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ! ತಿರುಗುವ ಡ್ರಮ್ ಮುಂದಿನ ಶೂವನ್ನು ತಾನೇ ಒಳಗೆಳೆದುಕೊಳ್ಳುವುದರಿಂದ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ಅದಕ್ಕೇ ಒಳ್ಳೆಯ ಮಿಸ್ತ್ರಿ ಒಂದೇ ಬದಿಯ ಲೈನಿಂಗ್ ಬದಲಿಸುವುದಿಲ್ಲ, ಜೋಡಿಯನ್ನೇ ಬದಲಿಸುತ್ತಾನೆ. ಗಾಲಿ ಎತ್ತಿ, ಅದು ತಿರುಗದಷ್ಟು ಶೂ ಬಿಗಿದು, ಮತ್ತೆ ಸಲೀಸಾಗಿ ತಿರುಗುವಷ್ಟು ಸಡಿಲಿಸುತ್ತಾನೆ; ಎರಡೂ ಬದಿಗೆ ಒಂದೇ ಅಳತೆ.

ಮುತ್ಯಾನ ಜೀಪು ನಿಂತಿರುವಾಗ ಗಾಲಿಯ ಒಳಬದಿಯನ್ನು ಬಗ್ಗಿ ನೋಡಿ. ಒದ್ದೆ ಕಲೆ ಕಂಡರೆ ಮುಟ್ಟಬೇಡಿ, ಬ್ರೇಕ್ ಆಯಿಲ್ ಬಣ್ಣವನ್ನೇ ಕಿತ್ತು ತೆಗೆಯುತ್ತದೆ. ಕೂಡಲೇ ಮುತ್ಯಾಗೆ ಹೇಳಿ.